ಇಬ್ಬರೂ ಒಬ್ಬರೇ

ವಿಶ್ವವಿದ್ಯಾಲಯದ ವಾರ್ಷಿಕ ಪ್ರಗತಿ ವರದಿಯಲ್ಲಿ ಸಂಶೋಧನೆಯ ಭಾಗವನ್ನು ಒಂಬತ್ತು ವರ್ಷಗಳಿಂದ ನಾನೇ ಸಿದ್ಧಪಡಿಸುತ್ತಿದ್ದೇನೆ. ಯಾರು ಎಷ್ಟು ಪ್ರಬಂಧ ಬರೆದರು, ಬೇರೆಯವರು ಅವನ್ನು ಎಷ್ಟು ಸಲ ಉಲ್ಲೇಖಿಸಿದರು, ಯಾವ ಲ್ಯಾಬಿಗೆ ಅನುದಾನ ಬಂತು, ಎಷ್ಟು ಪೇಟೆಂಟ್ ಸಿಕ್ಕಿತು ಎಂದು ಪಟ್ಟಿ ಮಾಡಿ ಕಳೆದ ವರ್ಷದ್ದರ ಪಕ್ಕದಲ್ಲಿಡುವುದು ನನ್ನ ಕೆಲಸ. ಒಂದು ಅಂಕಿ ತಪ್ಪಿದರೂ ನನಗೆ ಅನ್ನ ಸೇರುವುದಿಲ್ಲ. ಸಂಜೆ ಕಾಲೇಜಿನಲ್ಲಿ ಓದಿದವಳಿಂದ ಇಷ್ಟೇ ಆಗುವುದು ಎಂದು ಯಾರೂ ಅನ್ನಬಾರದಲ್ಲ. ಇದುವರೆಗೆ ಯಾರೂ ಅಂದಿಲ್ಲ. ಆದರೂ.

ಈ ವರ್ಷ ಹೊಸ ತಂತ್ರಾಂಶ ಬಂದಿತ್ತು; ಹಿಂದಿನದು ನೌಕರರ ಸಂಖ್ಯೆ ನೋಡಿ ಎಣಿಸುತ್ತಿತ್ತು, ಇದು ಹೆಸರು ನೋಡಿ. ಏಳನೇ ತಾರೀಕು ಲೋಹಶಾಸ್ತ್ರ ವಿಭಾಗದ ಪಟ್ಟಿ ನೋಡುತ್ತಿದ್ದಾಗ ಒಂದು ಹೆಸರು ಕಣ್ಣಿಗೆ ಬಿತ್ತು. ಆರು ಪ್ರಬಂಧ ಬರೆದು ಮೂರು ವರ್ಷದ ಹಿಂದೆ ಇದ್ದಕ್ಕಿದ್ದಂತೆ ನಿಂತುಹೋದ ಒಬ್ಬ ಸಂಶೋಧಕಿ. ಮೂರು ಸಾಲು ಕೆಳಗೆ, ಅದೇ ವರ್ಷ ಬರೆಯಲು ಶುರುಮಾಡಿದ ಇನ್ನೊಬ್ಬಳು. ಕಂಪ್ಯೂಟರಿಗೆ ಅವರು ಇಬ್ಬರು. ನನಗೆ ನೋಡಿದ ಕೂಡಲೇ ತಿಳಿಯಿತು. ಮೊದಲನೆಯದು ತವರಿನ ಹೆಸರು, ಎರಡನೆಯದು ಮದುವೆಯ ನಂತರದ್ದು. ಆ ಮದುವೆಯಲ್ಲಿ ಬಂದವರಿಗೆಲ್ಲ ಓಡಾಡಿ ಬಡಿಸಿದವಳು ನಾನು. ಅವಳು ನನ್ನ ಮೈದುನನ ಹೆಂಡತಿ, ನನ್ನ ವಾರಗಿತ್ತಿ.

ಇಂಥ ತಪ್ಪನ್ನು ಸರಿಪಡಿಸಲು ಒಂದು ನಮೂನೆ ಇದೆ. ಅದಕ್ಕೆ ಉದ್ದನೆಯ ಹೆಸರಿದ್ದರೂ ಆಫೀಸಿನಲ್ಲಿ ನಾವು ಅದನ್ನು ‘ಇಬ್ಬರೂ ಒಬ್ಬರೇ’ ಎನ್ನುತ್ತೇವೆ. ತುಂಬಲು ಹತ್ತು ನಿಮಿಷ ಸಾಕು. ನಾನು ಫೈಲು ಮುಚ್ಚಿ ಟೀ ಕುಡಿಯಲು ಹೋದೆ.

ಅವಳ ಲ್ಯಾಬಿಗೆ ಅನುದಾನ ಮುಂದುವರಿಯಬೇಕೋ ಬೇಡವೋ ಎಂದು ತೀರ್ಮಾನಿಸುವುದು ಇದೇ ಪಟ್ಟಿಯನ್ನು ನೋಡಿ. ಅವಳಿಗೆ ಹೆಸರು ತಂದ ಪ್ರಬಂಧ, ನೀರಿನ ಕೊಳವೆಗೆ ತುಕ್ಕು ಹಿಡಿಯದಂತೆ ಬಳಿಯುವ ಲೇಪದ್ದು, ಮದುವೆಗೆ ಮೊದಲಿನದು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಆಯಿತು ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ.

ಭಾನುವಾರ ಅತ್ತೆ ಫೋನಿನಲ್ಲಿ ತಮ್ಮ ಗೆಳತಿಗೆ ಹೇಳುತ್ತಿದ್ದರು: “ನಮ್ಮ ಚಿಕ್ಕವಳು ಸೈಂಟಿಸ್ಟು ಕಣೇ. ತುಕ್ಕಿಗೇ ಔಷಧಿ ಕಂಡುಹಿಡಿದಿದಾಳೆ. ದೊಡ್ಡವಳಾ? ಅವಳೂ ಅಲ್ಲೇ ಇದಾಳೆ, ಆಫೀಸಲ್ಲಿ ಏನೋ ಬರ್ಕೊಂಡಿರ್ತಾಳೆ.”

ಊಟವಾದ ಮೇಲೆ ವಾರಗಿತ್ತಿ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಬಂದಳು. “ಬಿಡಿ ಅಕ್ಕ, ಪಾತ್ರೆ ನಾನು ತೊಳೀತೀನಿ.”

“ಬೇಡಮ್ಮ. ನಿಂದು ಲೋಹದ ಮೇಲೆ ಪ್ರಯೋಗ ಮಾಡೋ ಕೈ.”

“ಇದೂ ಲೋಹಾನೇ ಅಲ್ವಾ ಅಕ್ಕ?”

ಹಜಾರದಲ್ಲಿದ್ದವರೆಲ್ಲ ನಕ್ಕರು. ನಾನು ಕುಟುಕಿದರೂ ಅದು ಅವಳ ಜಾಣತನವಾಗಿ ಹೊರಬರುತ್ತದೆ. ನಾನೂ ನಕ್ಕೆ. ಬಾಣಲೆ ಉಜ್ಜುತ್ತಾ ಅವಳು ತಗ್ಗಿದ ದನಿಯಲ್ಲಿ, “ಈ ಸಲ ಅನುದಾನ ಸಿಗದಿದ್ರೆ ಲ್ಯಾಬಲ್ಲಿ ಇಬ್ಬರನ್ನ ಮನೆಗೆ ಕಳಿಸ್ಬೇಕು ಅಕ್ಕ. ನಿದ್ದೇನೇ ಬರ್ತಿಲ್ಲ,” ಎಂದಳು. ನನಗೂ ಬರುತ್ತಿರಲಿಲ್ಲ. ಅವಳು ತೊಳೆದ ಪಾತ್ರೆ ಒರೆಸಿಟ್ಟೆ.

ಆಫೀಸಿನಲ್ಲಿ ನಮ್ಮ ಸಂಬಂಧ ಯಾರಿಗೂ ಗೊತ್ತಿರಲಿಲ್ಲ. ಜನ ಏನಾದರೂ ಅಂದುಕೊಳ್ಳುತ್ತಾರೆ, ಹೇಳಬೇಡ ಎಂದು ನಾನೇ ಅವಳಿಗೆ ಹೇಳಿದ್ದೆ. ನಿಜವಾದ ಕಾರಣ ಬೇರೆ. ನನ್ನನ್ನು ಅವಳ ಪಕ್ಕದಲ್ಲಿ ನಿಲ್ಲಿಸಿ ನೋಡದ ಜಾಗ ಅದೊಂದೇ ಉಳಿದಿತ್ತು.

ಇಪ್ಪತ್ತಾರನೇ ತಾರೀಕು ನಮ್ಮ ಮೇಲಧಿಕಾರಿ ನನ್ನ ಮೇಜಿನ ಮುಂದೆ ಬಂದು ನಿಂತರು. ಎಲ್ಲದರ ಸರಾಸರಿ ಕೇಳುವುದರಿಂದ ಅವರಿಗೆ ‘ಸರಾಸರಿ ಸಾರ್’ ಎಂದು ಹೆಸರು.

“ಏನಮ್ಮ ಇದು, ಲೋಹಶಾಸ್ತ್ರದ ಸರಾಸರಿ ಕಳೆದ ವರ್ಷಕ್ಕಿಂತ ಇಳಿದಿದೆ! ಇದನ್ನ ಪ್ರಗತಿ ವರದಿ ಅಂತ ಯಾವ ಬಾಯಲ್ಲಿ ಕರೀಲಿ?” ಬೆರಳು ಸಾಲಿನಿಂದ ಸಾಲಿಗೆ ಇಳಿದು ನಿಂತಿತು. “ಈಯಮ್ಮ ಯಾರು? ಮೂರು ವರ್ಷದಿಂದ ಒಂದಕ್ಷರ ಬರೆದಿಲ್ಲ. ತೆಗೀರಿ. ಒಂದು ತಲೆ ಕಡಿಮೆಯಾದ್ರೆ ಸರಾಸರಿ ತಾನಾಗೇ ಏರತ್ತೆ.”

ಪಕ್ಕದ ಮೇಜಿನ ಟೈಪಿಸ್ಟ್, “ಹಂಗಾದ್ರೆ ಇನ್ನೂ ನಾಲ್ಕು ತಲೆ ತೆಗೆದುಬಿಡೋಣ ಸಾರ್,” ಎಂದ.

“ನಿನ್ನಿಂದ್ಲೇ ಶುರು ಮಾಡ್ಲಾ?”

ಸಾಲಿನ ಮೇಲೆ ಗುರುತು ಹಾಕಿದೆ. ಇನ್ನು ಅಳಿಸುವ ಗುಂಡಿ ಒತ್ತಿದರಾಯಿತು. ಸುಮ್ಮನಿರುವುದು ಬೇರೆ, ಕೈಯಾರೆ ಅಳಿಸುವುದು ಬೇರೆ ಎಂದು ಆಗ ಅನ್ನಿಸಿತು. ನಿಜಕ್ಕೂ ಬೇರೆಯೇ? ನನಗೆ ಈಗಲೂ ಸರಿಯಾಗಿ ತಿಳಿಯದು. ಬೆರಳು ಮಾತ್ರ ಏಳಲಿಲ್ಲ.

“ಅವರು ಇದಾರೆ ಸಾರ್,” ಎಂದೆ.

“ಎಲ್ಲಿ?”

“ಮೂರು ಸಾಲು ಕೆಳಗೆ.”

ನಮೂನೆ ತೆಗೆದು ತುಂಬಿದೆ. ‘ತಿಳಿದುಬಂದ ಬಗೆ’ ಎಂಬಲ್ಲಿ ‘ನನ್ನ ವಾರಗಿತ್ತಿ’ ಎಂದು ಬರೆದೆ. ‘ಗಮನಕ್ಕೆ ಬಂದ ದಿನಾಂಕ’ ಎಂಬಲ್ಲಿ ಏಳು ಎಂದು ಬರೆದೆ. ಅಂಕಿಯನ್ನು ಇದ್ದಂತೆ ಬರೆದೇ ನನಗೆ ಅಭ್ಯಾಸ.

ಸರಾಸರಿ ಸಾರ್ ತಾರೀಕು ನೋಡಲೇ ಇಲ್ಲ. “ನಿಮ್ಮ ವಾರಗಿತ್ತೀನಾ! ಇಷ್ಟು ದಿನ ಬಾಯೇ ಬಿಡ್ಲಿಲ್ವಲ್ರೀ! ಎಂಥಾ ಹುಡುಗಿ, ಎಂಥಾ ತಲೆ!” ಎಂದು ಆಚೆ ಕೋಣೆಯವರಿಗೂ ಕೇಳುವಂತೆ ಹೇಳಿದರು. ಟೈಪಿಸ್ಟ್ ನನ್ನನ್ನು ಹೊಸಬಳಂತೆ ನೋಡಿ, “ನೀವು ಅವರ ಮನೆಯವರಾ ಮೇಡಂ?” ಎಂದ. ಅವರ ಮನೆಯವರು. ಒಂಬತ್ತು ವರ್ಷ ಆ ಕುರ್ಚಿಯಲ್ಲಿ ಕೂತಿದ್ದವಳು ಎದ್ದುಹೋಗಿ, ಅವಳ ಮನೆಯವಳೊಬ್ಬಳು ಬಂದು ಕೂತಂತಾಯಿತು.

ನಮೂನೆಗೆ ಅವಳ ಸಹಿಯೂ ಬೇಕಿತ್ತು. ಕರೆಸಿದರು. ಅವಳು ಲ್ಯಾಬಿನ ಕೋಟಿನಲ್ಲೇ ಓಡಿಬಂದು, ನನ್ನ ಮೇಜಿಗೆ ಬಾಗಿ ಓದಿದಳು. ಮೊದಲು ಮುಖ ಅರಳಿತು. ಆಮೇಲೆ ಕಣ್ಣು ಒಂದು ಕಡೆ ನಿಂತಿತು.

“ಇವತ್ತು ಇಪ್ಪತ್ತಾರು ಅಲ್ವಾ ಅಕ್ಕ?”

“ಹೌದು.”

“ಇಲ್ಲಿ ಏಳು ಅಂತಿದೆ.”

“ಹೌದು.”

ಅವಳು ನನ್ನ ಮುಖ ನೋಡಿದಳು. ಬೈಯುತ್ತಾಳೆ ಎಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು. ಅವಳು ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ, ನನಗೊಬ್ಬಳಿಗೇ ಕೇಳುವಂತೆ ಅಂದಳು:

“ನಾನಾಗಿದ್ರೆ ಇವತ್ತಿನ ತಾರೀಕೇ ಹಾಕ್ತಿದ್ದೆ.”

ಬಾಗಿಲಲ್ಲಿ ಸರಾಸರಿ ಸಾರ್ ಅವಳನ್ನು ನಿಲ್ಲಿಸಿಕೊಂಡು ಮಾತಾಡಿಸಿದರು. ಅವಳು ಎಂದಿನಂತೆ ನಗುತ್ತಾ ಉತ್ತರಿಸಿದಳು. ಹತ್ತೊಂಬತ್ತು ದಿನ ಅವಳ ಹೆಸರನ್ನು ಹಿಡಿದಿಟ್ಟುಕೊಂಡಿದ್ದ ನನಗೆ, ಒಂದು ತಾರೀಕು ಬದಲಾಯಿಸಿದರಾಯಿತು ಎಂಬುದು ಹೊಳೆದೇ ಇರಲಿಲ್ಲ. ಅವಳಿಗೆ ನಿಂತ ನಿಲುವಿನಲ್ಲೇ ಹೊಳೆಯಿತು. ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಮೊದಲು ಆದದ್ದು ಹೊಟ್ಟೆಯುರಿ.