ಸುಗರಾಳ ಮದುವೆಯ ದಾಲ್ಚಾ

ಇಳಕಲ್ಲಿನ ಬಣ್ಣಗಾರರ ಓಣಿಯಲ್ಲಿ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಮೊದಲ ಕರೆ ದೌಲತಬಿಗೆ ಹೋಗುತ್ತಿತ್ತು. ಅಡಿಗೆ ಮಾಡಲಿಕ್ಕಲ್ಲ, ಎಷ್ಟು ಮಾಡಬೇಕೆಂದು ಹೇಳಲಿಕ್ಕೆ. ಆಕೆ ಬಂದು ಅಂಗಳದಲ್ಲಿ ಚಾಪೆಯ ಮೇಲೆ ಕೂತು, ಎಲೆಯಡಿಕೆ ಹಾಕಿಕೊಂಡು, ಕರೆದವರ ಹೆಸರನ್ನು ಓಣಿಯಿಂದ ಓಣಿಗೆ ಹೇಳಿಸುತ್ತಿದ್ದಳು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ದುಡಿಯುವವರೆಷ್ಟು, ಅಂಗಡಿಯ ಗಾದಿಯ ಮೇಲೆ ಕೂಡುವವರೆಷ್ಟು, ಬಂಡಿ ಕಟ್ಟಿಕೊಂಡು ದೂರದಿಂದ ಬರುವವರೆಷ್ಟು. ನೇಕಾರ ಅನ್ನ ಹೆಚ್ಚು ಉಣ್ಣುತ್ತಾನೆ, ಗಾದಿಯವನು ಮಾಂಸ ಆರಿಸುತ್ತಾನೆ, ಬಂಡಿಯವರು ಹೊರಡುವಾಗ ಮನೆಯಲ್ಲಿ ಉಳಿದ ಮುದುಕಿಗೆಂದು ಒಂದು ಗಂಟು ಕೇಳುತ್ತಾರೆ. ಇದನ್ನೆಲ್ಲ ತಲೆಯಲ್ಲೇ ಕೂಡಿಸಿ, ಇಷ್ಟು ಚೀಲ ಅಕ್ಕಿ, ಇಷ್ಟು ಆಡು, ಇಷ್ಟು ತುಪ್ಪ ಎಂದು ಹೇಳಿ ಎದ್ದುಬಿಡುವಳು. ಕೊನೆಯಲ್ಲಿ ಕೂತವನಿಗೆ ಸಾಲದೆ ಹೋಗುವುದು, ಉಳಿದ ಅನ್ನ ಹಳಸಿ ತಿಪ್ಪೆ ಸೇರುವುದು, ಎರಡನ್ನು ಕಂಡರೂ ಆಕೆಗೆ ಒಂದೇ ಬಗೆಯ ಹೇಸಿಗೆ.

ಪ್ಲೇಗು ಬಂದು ಹೋದ ಮೇಲೆ ಎರಡು ವರ್ಷಕ್ಕೆ ಅವಳ ಸ್ವಂತ ಮನೆಯಲ್ಲೇ ಮದುವೆ ಬಂತು. ಸ್ವಂತ ಮನೆ ಎಂದರೆ ತಮ್ಮ ಶಾಬುದ್ದೀನನ ಮನೆ. ತಾಯಿ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುವ ಕೂಸು, ಅವನನ್ನು ಸಾಕಿದವಳು ದೌಲತಬಿ. ಮುಂದೆ ಆಕೆ ಚಿಕ್ಕ ವಯಸ್ಸಿಗೇ ವಿಧವೆಯಾಗಿ ಮರಳಿ ಬಂದಳು. ಅವನ ಹೆಂಡತಿ ಪ್ಲೇಗಿನಲ್ಲಿ ಹೋದಾಗ ಮಗಳು ಸುಗರಾಳ ತಲೆ ಬಾಚುವುದೂ ಆಕೆಯ ಪಾಲಿಗೆ ಬಂತು. ಶಾಬುದ್ದೀನ ಮೊದಲು ನೂಲಿಗೆ ಬಣ್ಣ ಹಾಕುತ್ತಿದ್ದವನು ಈಗ ರೇಷ್ಮೆ ತರಿಸಿ ಮಾರುತ್ತಿದ್ದ. ಬೆರಳ ಸಂದಿಯ ನೀಲಿ ಹೋಗಲೆಂದು ದಿನಾ ಕೈ ತಿಕ್ಕಿ, ಮೇಲೆ ಅತ್ತರು ಹಚ್ಚಿಕೊಳ್ಳುತ್ತಿದ್ದ. ಸುಗರಾಳನ್ನು ತಮ್ಮ ಮಗನಿಗೆ ಕೇಳಿದವರು ಹುನಗುಂದದ ಜಾಫರಸಾಬರು, ಕಚೇರಿಯಲ್ಲಿ ಕಾರಕೂನರು. ಆ ಸಂಬಂಧ ಕೂಡಿ ಬಂದ ದಿನದಿಂದ ಶಾಬುದ್ದೀನನ ನಡಿಗೆಯೇ ಬದಲಾಯಿತು.

ದೌಲತಬಿ ಎಂದಿನಂತೆ ಲೆಕ್ಕ ಹಾಕಿದಳು. ಹನ್ನೆರಡು ಆಡು ಎಂದಳು. ಅನ್ನಕ್ಕೆ ಮಾಂಸ ಕೂಡಿಸಿ ದೊಡ್ಡ ದೇಗುಗಳಲ್ಲಿ ಪುಲಾವು. ಮಾಂಸ ಉಣ್ಣದ ನೆರೆಯವರಿಗೆ ಗೋಡೆಯಾಚೆ ಗುರುಲಿಂಗವ್ವನ ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ. ರೊಟ್ಟಿ, ಬದನೆಕಾಯಿ ಪಲ್ಯ, ಬೇಳೆ ಸಾರು, ಗೋಧಿ ಹುಗ್ಗಿ. ಗುರುಲಿಂಗವ್ವ ನೇಕಾರರ ಮನೆಯ ಹೆಂಗಸು, ಎರಡೂ ಮನೆಗೆ ಒಂದೇ ಬಾವಿ, ಅವರಿಬ್ಬರದು ಹಳೆಯ ಬಳಕೆ. ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಶಾಬುದ್ದೀನ ಪೇಟೆಗೆ ಹೋಗಿ ಬಂದು ಇನ್ನೊಂದಿಷ್ಟು ಹೆಸರು ಹೇಳಿದ. ಮರುದಿನ ಮತ್ತೊಂದಿಷ್ಟು. ಸಿಕ್ಕಸಿಕ್ಕವರನ್ನು ದಾರಿಯಲ್ಲಿ ನಿಲ್ಲಿಸಿ ಕರೆಯುತ್ತಿದ್ದ.

"ಹುನಗುಂದ ಕಚೇರಿ ಮಂದಿ ಎಲ್ಲಾರೂ ಬರ್ತಾರ ಆಪಾ. ಬಾಗಲಕೋಟಿ ಸಾವಕಾರ್ರಿಗೂ ಹೇಳೇನಿ" ಎಂದ.

"ಹಂಗಾರ ಆಡು ಇನ್ನಷ್ಟು ಬೇಕಾಗತಾವು. ಇಲ್ಲಾ, ಕರಿಯೂದು ನಿಲ್ಲಸು."

"ಕರಿಯೂದೂ ನಿಲ್ಲೂದಿಲ್ಲ, ಆಡಿಗೆ ರೊಕ್ಕಾನೂ ಹೆಚ್ಚಿಗಿ ಇಲ್ಲ. ಮಸಾಲಿ ಬಿಗಿ ಮಾಡಿಬಿಡು. ಉಂಡಾವ್ರಿಗೆ ಏನು ತಿಳಿತೈತಿ?"

ಹೀಗೆ ಹೇಳುವಾಗ ಅವನ ತುಟಿಯ ಅಂಚಿಗೆ ಎಲೆಯ ಕೆಂಪು ರಸ ಇಳಿದಿತ್ತು. ಅದನ್ನು ಅವನು ನಾಲಗೆಯಿಂದ ಒಳಗೆಳೆದುಕೊಂಡ. ದೌಲತಬಿ ಮುಖ ಆಚೆ ತಿರುಗಿಸಿದಳು. ಅಷ್ಟು ಸಣ್ಣದಕ್ಕೆ ತನಗೆ ಯಾಕೆ ಹೇಸಿಗೆ ಬಂತೆಂದು ಅವಳಿಗೇ ತಿಳಿಯಲಿಲ್ಲ. ಕೊನೆಗೆ ಅವನು, ಮಾಂಸದ ಚಿಂತೆ ನನಗೆ ಬಿಡು, ಮರೋಳದ ಕಡೆ ಒಂದು ಹಿಂಡು ಅಗ್ಗಕ್ಕೆ ಸಿಗುವ ಹಾಗಿದೆ, ನೀನು ಕೇಳಿದ್ದಕ್ಕಿಂತ ಹೆಚ್ಚೇ ತರುತ್ತೇನೆ ಎಂದು ಹೇಳಿ ಎದ್ದು ಹೋದ.

ಮದುವೆಯ ಹಿಂದಿನ ದಿನ ಬಿಸಿಲೇರುವ ಹೊತ್ತಿಗೆ ಹಿತ್ತಲ ಬಾಗಿಲಿಗೆ ಬಂಡಿ ಬಂತು. ಬಂಡಿಯ ಹಿಂದೆ ಐದು ಆಡುಗಳು ಹಗ್ಗದಲ್ಲಿ ನಡೆದು ಬಂದವು. ಬಂಡಿಯೊಳಗೆ ಒದ್ದೆ ಗೋಣಿತಟ್ಟು ಹೊದಿಸಿದ ರಾಶಿ. ಜೊತೆಗೆ ಬಂದವನು ಕಟುಕರ ಮೀರಾಸಾಬ. ಆಡುಗಳನ್ನು ಜೀವಂತ ತಂದು, ಅಂಗಳದಲ್ಲೇ ಕೊಯ್ಯುವುದೆಂದು ಮಾತಾಗಿತ್ತು. ಕಡಿದು ತಂದದ್ದೇಕೆಂದು ಕೇಳಿದರೆ ಮೀರಾಸಾಬ ಎತ್ತಿನ ಕೊರಳ ಹಗ್ಗ ಬಿಚ್ಚುವುದರಲ್ಲಿ ಮುಳುಗಿದ.

ದೌಲತಬಿ ಗೋಣಿತಟ್ಟು ಎತ್ತಿದಳು. ನೊಣಗಳು ಒಮ್ಮೆಲೇ ಎದ್ದು ಅವಳ ಮುಖಕ್ಕೆ ಬಡಿದವು. ಆಮೇಲೆ ವಾಸನೆ. ಹೊಸ ಮಾಂಸದ ಹಸಿ ವಾಸನೆ ಅವಳಿಗೆ ಹೊಸದಲ್ಲ. ಇದು ಬೇರೆ, ಸಿಹಿ ಬೆರೆತ ಕೊಳಕು, ಗಂಟಲ ಹಿಂದೆ ಹೋಗಿ ಅಂಟಿಕೊಳ್ಳುವಂಥದ್ದು. ತೊಡೆಯೊಂದನ್ನು ಬೆರಳಿನಿಂದ ಒತ್ತಿದಳು. ಒತ್ತಿದ ಕುಳಿ ಹಾಗೆಯೇ ಉಳಿಯಿತು. ಮಾಂಸ ಕಪ್ಪಗಿತ್ತು, ರಕ್ತ ಹರಿದು ಹೋಗದೆ ಒಳಗೇ ಹೆಪ್ಪುಗಟ್ಟಿತ್ತು, ಪಕ್ಕೆಯ ಪದರದ ಮೇಲೆ ಹಸಿರು ಮಿರುಗುತ್ತಿತ್ತು. ಹುಡುಕಿದರೆ ಒಂದಾದರೂ ಪಿತ್ತಜನಕಾಂಗ ಇರಲಿಲ್ಲ, ಅವು ಇಡುವ ಸ್ಥಿತಿಯಲ್ಲೇ ಇರಲಿಲ್ಲವೇನೋ. ಅವಳು ಬೆರಳನ್ನು ಸೀರೆಗೆ ಒರೆಸಿಕೊಳ್ಳಲೂ ಮನಸ್ಸಾಗದೆ ಮಣ್ಣಿಗೆ ತಿಕ್ಕಿದಳು.

"ಮೀರಾಸಾಬ, ಖರೆ ಹೇಳು. ನೀ ಚೂರಿ ಇಟ್ಟಾಗ ಇವುಕ್ಕ ಜೀವ ಇತ್ತೇನು?"

ಮೀರಾಸಾಬ ಬಿಚ್ಚಿದ ಹಗ್ಗವನ್ನು ಕೈಗೆ ಸುತ್ತಿಕೊಂಡ. ಆಮೇಲೆ ನೆಲ ನೋಡುತ್ತ ಹೇಳಿದ: "ಹಿಂಡಿಗೆ ಬ್ಯಾನಿ ಬಂದಿತ್ರಿ. ನಾ ಹೋಗೂದ್ರಾಗ ಸೆಟದು ಬಿದ್ದಿದ್ವು. ಶಾಬುದ್ದೀನಸಾಬ್ರು ಚೂರಿ ಆಡಸು ಅಂದ್ರು. ಆಡಸಿದೆ."

ದೌಲತಬಿ ಗೋಣಿತಟ್ಟನ್ನು ಮತ್ತೆ ರಾಶಿಯ ಮೇಲೆ ಎಳೆದಳು. ಬಾವಿಯ ಕಟ್ಟೆಗೆ ಹೋಗಿ ಕೈ ತೊಳೆದಳು. ಸತ್ತ ಮೇಲೆ ಕೊರಳಿಗೆ ಚೂರಿ ತಾಗಿಸಿ, ಅದರ ಮೇಲೆ ದೇವರ ಹೆಸರೂ ಹೇಳಿ, ಊರಿಗೆ ಉಣಿಸುವುದು. ಇಂಥದ್ದು ಒಬ್ಬ ಮನುಷ್ಯನ ತಲೆಗೆ ಹೊಳೆಯಬಹುದೆಂದು ಅವಳು ಯೋಚಿಸಿಯೂ ಇರಲಿಲ್ಲ.

ಶಾಬುದ್ದೀನ ಹಂದರದ ಕಂಬಕ್ಕೆ ಬಣ್ಣದ ಕಾಗದ ಸುತ್ತಿಸುತ್ತಿದ್ದ. ಅವನನ್ನು ಹಿತ್ತಲಿಗೆ ಕರೆದಳು. ಬಂಡಿಯ ಹತ್ತಿರ ಬರುತ್ತಲೇ ಅವನು ಅತ್ತರಿನ ಕೈಯನ್ನು ಮೂಗಿಗೆ ಹಿಡಿದುಕೊಂಡ. ಅಷ್ಟರಿಂದಲೇ ಅವನಿಗೆ ಎಲ್ಲ ಗೊತ್ತಿದೆ ಎಂಬುದು ಅವಳಿಗೆ ತಿಳಿಯಿತು.

"ಕುದಿಯೂದ್ರಾಗ ಎಲ್ಲಾ ಹೋಗತೈತಿ ಆಪಾ. ಲವಂಗ, ಚಕ್ಕಿ ಕೈಬಿಟ್ಟು ಹಾಕು."

"ನೀ ಉಣ್ತಿಯೇನು ಇದನ್ನ?"

"ನಾ ಬೀಗರ ಜೋಡಿ ಕೂಡಾಂವ" ಎಂದ ಅವನು, ಇಷ್ಟೂ ತಿಳಿಯಬಾರದೆ ಎನ್ನುವ ಹಾಗೆ. "ಬೀಗರಿಗೆ, ಕಚೇರಿ ಮಂದಿಗೆ ದೇಗು ಬ್ಯಾರೆ. ಅದಕ್ಕಂತನ ಐದು ಆಡು ಜೀವಂತ ತಂದೇನಿ. ಇದು ನಮ್ಮ ಓಣಿಯವ್ರಿಗೆ."

ನಮ್ಮ ಓಣಿಯವರಿಗೆ. ಪ್ಲೇಗಿನಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಇವನ ಹೆಂಡತಿಯ ಹೆಣ ಮುಟ್ಟಲು ಬಂದದ್ದು ಇದೇ ಓಣಿಯವರು. ದೌಲತಬಿ ತಮ್ಮನ ಮುಖ ನೋಡಿದಳು. ನುಣ್ಣಗೆ ಬೋಳಿಸಿದ ಕೆನ್ನೆ, ಸುರ್ಮಾ ಹಚ್ಚಿದ ಕಣ್ಣು, ಎಣ್ಣೆಯಲ್ಲಿ ಮಿನುಗುವ ಮೀಸೆ. ತುತ್ತು ಮಾಡಿ ತಾನೇ ಉಣಿಸಿ ಬೆಳೆಸಿದ ಮುಖ. ಅದು ಬಂಡಿಯೊಳಗಿನ ರಾಶಿಗಿಂತ ಹೆಚ್ಚು ನಾರುತ್ತಿದೆ ಎನ್ನಿಸಿತು.

ಅವಳು ಒಳಗೆ ಹೋದಳು. ಹಂದರದ ದೀಪಗಳಿಗೆಂದು ತರಿಸಿದ್ದ ಚಿಮಣಿ ಎಣ್ಣೆಯ ಡಬ್ಬಿ ಮೂಲೆಯಲ್ಲಿತ್ತು. ಎರಡೂ ಕೈಯಿಂದ ಎತ್ತಿಕೊಂಡು ಬಂದಳು. ಶಾಬುದ್ದೀನ ಏನೆಂದು ತಿಳಿಯುವುದರೊಳಗೆ ಗೋಣಿತಟ್ಟು ಎಳೆದು ಹಾಕಿ, ಡಬ್ಬಿಯನ್ನು ರಾಶಿಯ ಮೇಲೆ ಬೋರಲು ಮಾಡಿದಳು. ಎಣ್ಣೆ ಗುಳುಗುಳು ಸುರಿದು, ಮಾಂಸದ ಸಂದಿಗಳಲ್ಲಿ ಇಳಿದು, ಬಂಡಿಯ ಹಲಗೆಯಿಂದ ತೊಟ್ಟಿಕ್ಕಿತು. ನೊಣಗಳು ಬಿಟ್ಟು ಹೋದವು.

ಅವನು ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು.

"ಹುಡುಗಿ ಒಳಗ ಕುಂತಾಳ, ಒದರಬ್ಯಾಡ" ಎಂದಳು ದೌಲತಬಿ. "ಇದನ್ನ ಹುಗಿಸು. ಆಮ್ಯಾಲೆ ಆ ಐದೂ ಆಡು ನನ್ನ ಕಡೆ ತಂದು ಕಟ್ಟು. ದೇಗು ಎಲ್ಲಾರಿಗೂ ಒಂದ."

ಮೀರಾಸಾಬ ಬಂಡಿಯನ್ನು ಬಣ್ಣದ ತೊಟ್ಟಿಗಳ ಹಿಂದಿನ ಬೀಳು ಜಾಗಕ್ಕೆ ಹೊಡೆದುಕೊಂಡು ಹೋಗಿ ಗುಂಡಿ ತೋಡಿದ. ಓಣಿಯ ನಾಯಿಗಳು ಹಿಂದೆ ಹೋಗಿ ಮೂಸಿ, ಸೀನುತ್ತ ಮರಳಿ ಬಂದವು.

ಈಗ ಹೊಸ ಲೆಕ್ಕ ಹಾಕಬೇಕಾಯಿತು. ಐದು ಆಡಿನಲ್ಲಿ ಅಷ್ಟು ಮಂದಿಗೆ ಪುಲಾವು ಕನಸಿನ ಮಾತು. ಪುಲಾವಿನಲ್ಲಿ ತುಂಡು ಕಣ್ಣಿಗೆ ಕಾಣಬೇಕು, ಕಾಣದಿದ್ದರೆ ಉಂಡವನಿಗೆ ಮೋಸ ಹೋದ ಹಾಗೆ. ದಾಲ್ಚಾ ಮಾಡಿದರೆ ಬೇಳೆಯೊಳಗೆ ಮಾಂಸ ಕರಗಿ ಎಲ್ಲರ ತಟ್ಟೆಗೂ ರುಚಿಯಾಗಿಯಾದರೂ ತಲುಪುತ್ತದೆ. ಎಲುಬು ಸಹಿತ ಅಡಿಕೆ ಗಾತ್ರಕ್ಕೆ ಕಡಿಯಬೇಕು, ಮೊದಲು ಎಲುಬಿನ ರಸ ಬಿಡಿಸಬೇಕು, ಬೇಳೆ, ಕುಂಬಳಕಾಯಿ, ಹುಣಸೆಹಣ್ಣು ಕೂಡಿಸಬೇಕು. ಅಕ್ಕಿ ಇದ್ದಷ್ಟೇ ಇರಲಿ, ಬಿಳಿ ಅನ್ನ. ಆದರೆ ಬೇಳೆ ಸಾಲದು. ಅವಳು ಗೋಡೆಯ ಬಳಿ ಹೋಗಿ ಗುರುಲಿಂಗವ್ವನನ್ನು ಕೂಗಿದಳು. ಗುರುಲಿಂಗವ್ವ ಬಂದು, ದೌಲತಬಿಯ ಕೈಯ ಚಿಮಣಿ ಎಣ್ಣೆಯ ವಾಸನೆ ಹಿಡಿದಳು, ಮುಖ ನೋಡಿದಳು. ತನ್ನ ಮನೆಯ ಬೇಳೆಯ ಗಡಿಗೆಯನ್ನೇ ಗೋಡೆಯ ಮೇಲಿಂದ ಇಳಿಸಿದಳು. ಹುಗ್ಗಿಯನ್ನು ಇಮ್ಮಡಿ ಮಾಡುತ್ತೇನೆ, ಹುಗ್ಗಿ ಉಂಡ ಹೊಟ್ಟೆ ಅನ್ನ ಹೆಚ್ಚು ಕೇಳುವುದಿಲ್ಲ, ಮೊದಲು ಎಲ್ಲರಿಗೂ ಅದನ್ನೇ ಬಡಿಸು ಎಂದಳು.

ಮರುದಿನ ನಿಕಾಹ ಆಯಿತು. ಮಂದಿ ಕೂತರು, ಎದ್ದರು, ಮತ್ತೆ ಕೂತರು. ನೇಕಾರರು ಅನ್ನದ ಮೇಲೆ ದಾಲ್ಚಾ ಸುರಿದುಕೊಂಡು ಬೆರಳು ಚೀಪಿದರು. ಕೊನೆಯ ಸಾಲಿನವರಿಗೂ ಮುಟ್ಟಿತು, ದೇಗಿನ ತಳ ಒರೆಸಿದ ಹಾಗೆ ಖಾಲಿಯಾಯಿತು. ಆದರೆ ಬೀಗರ ಸಾಲಿನಲ್ಲಿ ಜಾಫರಸಾಬರು ಬೆರಳಿನಿಂದ ಬೇಳೆ ಕೆದಕುತ್ತ ತುಂಡು ಹುಡುಕುತ್ತಿದ್ದರು. ಪಕ್ಕದ ಕಚೇರಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಇಳಕಲ್ಲಿನಲ್ಲಿ ಆಡು ಸಿಗುವುದಿಲ್ಲವೇ ಎಂದು ಒಬ್ಬರು ಕೇಳಿಯೇಬಿಟ್ಟರು.

ಶಾಬುದ್ದೀನ ದೊಡ್ಡದಾಗಿ ನಕ್ಕ. "ಏನ್ ಹೇಳೂದ್ರಿ, ನಮ್ಮ ಆಪಾಗ ವಯಸ್ಸಾತು. ಈ ಸಲ ಲೆಕ್ಕ ತಪ್ಪಿತು" ಎಂದ, ಎಲ್ಲರಿಗೂ ಕೇಳುವ ಹಾಗೆ.

ಬಡಿಸುತ್ತಿದ್ದ ದೌಲತಬಿಯ ಕೈಯಲ್ಲಿ ಸೌಟು ನಿಂತಿತು. ಸಾಲಿನವರೆಲ್ಲ ಅವಳತ್ತ ತಿರುಗಿದರು. ಕೆಲವರು ಪಾಪ ಎಂದರು, ಕೆಲವರು ನಕ್ಕರು. ಅವಳು ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಆ ಮಾತು ಹೊರಟ ಮೇಲೆ ಜಾಫರಸಾಬರು ಇಂಥ ಮನೆಯ ಹುಡುಗಿಯನ್ನು ಬಂಡಿ ಹತ್ತಿಸಿಕೊಳ್ಳುವುದಿಲ್ಲ. ಅವಳು ಮಾತನ್ನು ನುಂಗಿದಳು. ಹಳಸಿದ್ದೆಂದು ಗೊತ್ತಿದ್ದೂ ನುಂಗಿದ ಹಾಗಿತ್ತು. ಎದುರಿಗೆ ಶಾಬುದ್ದೀನ ಎಲ್ಲೋ ಸಿಕ್ಕ ಒಂದು ಎಲುಬನ್ನು ಬಾಯಿಗೆ ಹಿಡಿದು ಸೊರ್ ಸೊರ್ ಎಂದು ಹೀರುತ್ತಿದ್ದ. ಮಜ್ಜೆ ಬಾರದಿದ್ದಾಗ ತಟ್ಟೆಗೆ ಕುಟ್ಟಿ, ಮತ್ತೆ ಹೀರಿದ. ಅವನ ಗದ್ದದ ಮೇಲೆ ಎಣ್ಣೆ ಇಳಿಯುತ್ತಿತ್ತು. ಆ ಸದ್ದನ್ನು ಕೇಳುತ್ತ ಅವಳು ಉಳಿದ ತಟ್ಟೆಗಳಿಗೆ ಬಡಿಸಿ ಮುಗಿಸಿದಳು.

ಸುಗರಾಳ ಬಂಡಿ ಹುನಗುಂದದ ದಾರಿ ಹಿಡಿದು ಕಣ್ಮರೆಯಾದ ಮೇಲೆ, ಶಾಬುದ್ದೀನ ಪಡಸಾಲೆಯಲ್ಲಿ ಕಾಲು ಚಾಚಿ, ತನಗೆ ಉಳಿದದ್ದೇನಾದರೂ ಇದ್ದರೆ ಬಡಿಸು ಎಂದು ಕರೆದ. ದೌಲತಬಿ ಎರಡು ಸೀರೆ, ಒಂದು ತಾಮ್ರದ ತಂಬಿಗೆ, ನಮಾಜಿನ ಚಾಪೆ ತೆಗೆದುಕೊಂಡು ಅವನ ಮುಂದೆಯೇ ಹಾದು ಗುರುಲಿಂಗವ್ವನ ಮನೆಗೆ ಹೋದಳು. ಮಗ್ಗದ ಕೋಣೆಯ ಹಿಂದೆ ಕಟ್ಟಿಗೆ ಇಡುವ ಜಾಗವನ್ನು ಗುರುಲಿಂಗವ್ವ ಖಾಲಿ ಮಾಡಿಸಿಕೊಟ್ಟಳು. ನೇಕಾರರಿಗೆ ಕಡ್ಡಿಯ ಮೇಲೆ ರೇಷ್ಮೆ ಎಳೆಯ ಕಂಡಿಕೆ ಸುತ್ತಿಕೊಡುತ್ತ ದೌಲತಬಿ ಅಲ್ಲೇ ಇದ್ದುಬಿಟ್ಟಳು.

ಅವನು ಒಮ್ಮೆ ಬಂದ. ತಪ್ಪಾಯಿತೆಂದಲ್ಲ. ತಮ್ಮನ ಮನೆ ಇರುವಾಗ ನೀನು ಇಲ್ಲಿ ಬಿದ್ದರೆ ಮಂದಿ ಏನಂದಾರು ಎಂದು.

"ಮಂದಿ ಏನನ್ನಬೇಕಂತ ನೀನ ಕಲಿಸಿಕೊಟ್ಟೀಯಲ್ಲ. ವಯಸ್ಸಾತು, ತಲಿ ಕೆಟ್ಟೈತಿ ಅನ್ನು" ಎಂದಳು, ಕಂಡಿಕೆಯಿಂದ ಕಣ್ಣೆತ್ತದೆ. ಅವನು ಹೋದ ಮೇಲೂ ಅತ್ತರಿನ ವಾಸನೆ ಉಳಿದಿತ್ತು. ಎದ್ದು ಹೋಗಿ ಬಾಗಿಲು ಅಗಲ ತೆರೆದಳು.

ಸುಗರಾ ಮೊದಲ ಸಲ ತವರಿಗೆ ಬಂದಾಗ ತಂದೆಯ ಮನೆಯಲ್ಲಿ ಗಂಟು ಇಳಿಸಿ ನೇರ ಇಲ್ಲಿಗೆ ಬಂದಳು. ಕೂತು ಸ್ವಲ್ಪ ಹೊತ್ತು ಕಂಡಿಕೆಯ ಎಳೆ ಮುಟ್ಟುತ್ತಿದ್ದಳು. ಹುನಗುಂದದಲ್ಲಿ ತನ್ನನ್ನು ದಾಲ್ಚಾ ಸೊಸೆ ಎಂದು ನಗಾಡುತ್ತಾರೆ ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ ಮುಂದುವರಿಸಿದಳು:

"ಅವತ್ತು ನಾ ಒಳಗಿದ್ದೆ ಫುಪ್ಪು. ಅರಿಶಿಣ ಹಚ್ಚಿಸ್ಕೊಂಡು ಕುಂತಿದ್ದೆ. ವಾಸನಿ ಒಳಗಿನತನಾ ಬಂದಿತ್ತು. ಅಬ್ಬಾ ನಿನಗ ಅಂದದ್ದೆಲ್ಲಾ ಕೇಳೇನಿ."

ದೌಲತಬಿ ಕಂಡಿಕೆ ಕೆಳಗಿಟ್ಟಳು. ಗೋಡೆಯಾಚೆ ಮಗ್ಗದ ಸದ್ದು ನಡೆದಿತ್ತು. ಆಮೇಲೆ ಸುಗರಾ, ಅಲ್ಲಿ ಅಬ್ಬಾ ಕೋಳಿ ಕೊಯ್ಯಿಸಿದ್ದಾನೆ, ನನಗೆ ಆ ಮನೆಯಲ್ಲಿ ತುತ್ತು ಇಳಿಯುವುದಿಲ್ಲ, ಇಲ್ಲೇ ಒಂದು ರೊಟ್ಟಿ ಬಡಿದು ಕೊಡು ಎಂದಳು. ದೌಲತಬಿ ಒಲೆ ಹಚ್ಚಿ ಹಿಟ್ಟು ನಾದಿದಳು. ರೊಟ್ಟಿ ಉಬ್ಬುತ್ತಿರುವಾಗ ಓಣಿಯಿಂದ ಶಾಬುದ್ದೀನನ ದನಿ ಕೇಳಿಸಿತು, ಸುಗರಾ, ಸುಗರಾ, ಉಣ್ಣಲಿಕ್ಕೆ ಬಾ ಎಂದು. ಸುಗರಾ ಖಾರದ ಚಟ್ನಿ ಹಚ್ಚಿಕೊಂಡು ರೊಟ್ಟಿ ಮುರಿದಳು. ದೌಲತಬಿ ಎರಡನೆಯ ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು.