ಕೆಟಮಿನ್ ಸೀಸೆಯೊಳಗಿನ ನೀರು

ನಾನು ಕೆಟಮಿನ್, ನೋವು ಮರೆಸುವ ಮದ್ದು. ಕಾರ್ಖಾನೆಯೊಂದರಲ್ಲಿ, ಬೆರಳುದ್ದದ ಗಾಜಿನ ಸೀಸೆಯೊಳಗೆ ಹುಟ್ಟಿದೆ. ತಲೆಗೆ ರಬ್ಬರಿನ ಮುಚ್ಚಳ. ಸೂಜಿ ಅದನ್ನು ಚುಚ್ಚಿಯೇ ನನ್ನನ್ನು ಹೀರಬೇಕು.

ತಾಲ್ಲೂಕು ಆಸ್ಪತ್ರೆಯಲ್ಲಿ ನನಗೆ ಸಿಕ್ಕವಳು ಹುಲಿಗೆಮ್ಮ. ಮಿರ್ಚಿ ಕರಿಯುವ ಬಾಣಲೆ ಉರುಳಿ ಅವಳ ಎರಡೂ ತೊಡೆ ಸುಟ್ಟಿದ್ದವು. ದಿನ ಬಿಟ್ಟು ದಿನ ಹಳೆಯ ಪಟ್ಟಿ ಕಿತ್ತು ಹೊಸದು ಕಟ್ಟಬೇಕು. ನರ್ಸ್ ಫಿಲೋಮಿನಾ ಮೊದಲು ನನ್ನನ್ನು ಅವಳ ನರಕ್ಕೆ ಕೊಡುತ್ತಿದ್ದಳು. ಕಣ್ಣು ತೆರೆದೇ ಇರುತ್ತಿತ್ತು. ಹುಲಿಗೆಮ್ಮ ಮಾತ್ರ ಅಲ್ಲಿರುತ್ತಿರಲಿಲ್ಲ. ಮೋಡದ ಮೇಲೆ ಒಲೆ ಹೂಡಿದ್ದೆ, ಹಿಟ್ಟೆಲ್ಲ ಕೆಳಗೆ ಸೋರಿತು ಎಂದು ಆಮೇಲೆ ದೂರುತ್ತಿದ್ದಳು.

ಎರಡು ಸಲ ಹೀಗೆ ನಡೆಯಿತು. ಬಳಿಕ ಆಪರೇಶನ್ ಥಿಯೇಟರ್ ಸಹಾಯಕ ಅಮರೇಶ ಎರಡು ಸಿರಿಂಜಿನಲ್ಲಿ ನನ್ನನ್ನು ಹೀರಿಕೊಂಡು, ಸೀಸೆಗೆ ಸಲೈನ್ ನೀರು ತುಂಬಿಟ್ಟ. ನನ್ನ ಸಾರ ತೋಟದ ಮನೆಯ ಪಾರ್ಟಿಗೆ ಹೋಯಿತು. ಅಮರೇಶನೂ ಸೇರಿ ನಾಲ್ವರು ಗೆಳೆಯರು ಒಂದೇ ಸೂಜಿಯಿಂದ ತೊಡೆಗೆ ಚುಚ್ಚಿಕೊಂಡು, ಗೋಡೆ ಉಸಿರಾಡುತ್ತಿದೆ ಎಂದು ನಕ್ಕರು. ನೋವೇ ಇಲ್ಲದವರಿಗೆ ನಾನು ಖರ್ಚಾದೆ. ಸೀಸೆಯಲ್ಲಿ ಉಳಿದದ್ದು ನನ್ನ ಹೆಸರು ಮಾತ್ರ.

ಮುಂದಿನ ಪಟ್ಟಿ ಕಿತ್ತಾಗ ಹುಲಿಗೆಮ್ಮ ಮಂಚದ ಕಬ್ಬಿಣ ಕಚ್ಚಿದಳು. ಅವಳ ಕಾಲು ಒತ್ತಿ ಹಿಡಿದಿದ್ದವನು ಅಮರೇಶ.

"ಔಷಧಕ್ಕ ಒಗ್ಗಿಬಿಟ್ಟಾಳ್ರೀ. ಒಂದೀಟು ನಾಟಕಾನೂ ಐತಿ," ಎಂದ.

ಡಾಕ್ಟರು ನಂಬಿದರು. ನಾಲ್ಕನೆಯ ಸಲವೂ ಹಾಗೇ ಆಯಿತು. ಕೊಳೆತು ಸತ್ತರೂ ಸರಿ, ಮನೆಗೆ ಹೋಗುತ್ತೇನೆಂದು ಹುಲಿಗೆಮ್ಮ ಚೀಟಿ ಬರೆಸಿದಳು. ಹೆಬ್ಬೆಟ್ಟು ಒತ್ತುವುದಷ್ಟೇ ಬಾಕಿ.

ಅಂದು ಫಿಲೋಮಿನಾ ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮದ್ದು ಕೊಟ್ಟಿದ್ದು ನಾಲ್ಕು ಸಲ. ಮುಚ್ಚಳದಲ್ಲಿ ತೂತು ಏಳು. ಮದ್ದಿನ ಕಪಾಟಿನ ಕೀಲಿ ಅವಳನ್ನು ಬಿಟ್ಟರೆ ಇದ್ದದ್ದು ಅಮರೇಶನ ಬಳಿ. ಅವಳು ಯಾರಿಗೂ ಹೇಳಲಿಲ್ಲ. ಅದೇ ಮಧ್ಯಾಹ್ನ ಅಮರೇಶನ ತೊಡೆಯ ಬಾವು ಕೊಯ್ಯುವುದಿತ್ತು. ಪಾರ್ಟಿಯ ಸೂಜಿ ತಂದ ಕೀವು. ಅವಳು ಟ್ರೇಯಲ್ಲಿ ನನ್ನನ್ನೇ ಇಟ್ಟಳು. ಲೇಬಲ್ಲಿನ ಮೇಲೆ ಅವನದೇ ಕೈಬರಹದಲ್ಲಿ ಸೀಸೆ ತೆರೆದ ದಿನಾಂಕ; ಅವನಿಗೆ ಗುರುತು ಸಿಕ್ಕಿತು.

"ಸಿಸ್ಟರ್, ಬ್ಯಾರೆ ಬಾಟ್ಲಿ ಇಲ್ಲೇನ್ರಿ?"

"ಇದಕ್ಕೇನಾಗೇತಿ, ಅಮರೇಶಣ್ಣ?"

ಕೆಲಸ ಹೋಗುವ ಭಯಕ್ಕೆ ಅವನು ಬಾಯಿ ಮುಚ್ಚಿದ. ಡಾಕ್ಟರು ನನ್ನ ನೀರನ್ನು ಅವನ ನರಕ್ಕೆ ಬಿಟ್ಟು, ಚಾಕು ಇಟ್ಟರು. ಅವನ ಕೂಗು ವಾರ್ಡಿನ ತನಕ ಕೇಳಿಸಿತು. ಇನ್ನಷ್ಟು ಕೊಡಲು ಡಾಕ್ಟರು ನನ್ನನ್ನು ಎತ್ತಿಕೊಂಡಾಗ ಅವರ ಕೈ ಹಿಡಿದ.

"ಬ್ಯಾಡ್ರೀ. ಅದ್ರಾಗ ಬರೇ ನೀರೈತಿ. ನಾನೇ ತುಂಬೀನಿ."

ಡಾಕ್ಟರು ಕೂಡಲೇ ಹೊಸ ಸೀಸೆ ತೆಗೆದು ಅವನನ್ನು ಮಲಗಿಸಿದರು. ಮುಂದಿನ ಪಟ್ಟಿ ಕಟ್ಟುವಾಗ ಹುಲಿಗೆಮ್ಮನಿಗೂ ನಿಜವಾದ ಮದ್ದು ಸಿಕ್ಕಿತು. ಚೀಟಿ ಹರಿದು ಹಾಕಿದಳು.

ನಾನೀಗ ಪೊಲೀಸ್ ಠಾಣೆಯ ಕಪಾಟಿನಲ್ಲಿದ್ದೇನೆ, ಕುತ್ತಿಗೆಗೆ ಅರಗಿನ ಮುದ್ರೆ ಹೊತ್ತು. ನೋವು ತೆಗೆಯಲು ಹುಟ್ಟಿದವಳು ಅಂದು ಒಬ್ಬನ ನೋವು ಕಂಡು ಸುಖಪಟ್ಟೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಹುಲಿಗೆಮ್ಮ ಎರಡು ಸಲ ಪೂರ್ತಿ ಅನುಭವಿಸಿದಳು. ಅವನಿಗೆ ಸಿಕ್ಕಿದ್ದು ಒಂದು ಗೀರು.

ಹೊಸ ಸೀಸೆ ತೆಗೆಯಲು ಡಾಕ್ಟರು ಇನ್ನಷ್ಟು ಹೊತ್ತು ತಡಮಾಡಬಹುದಿತ್ತು.