ಮೊದಲ ತಪ್ಪು ಮೇಷ್ಟ್ರದು

ಸಾಯ್‌ಜಾಯ್ ಮೂರನೇ ಸಾಲನ್ನು ಹೊಡೆದುಹಾಕುತ್ತಿದ್ದಂತೆ ಹೆಡ್‌ಮಾಸ್ಟರ್ ಥವೀ ಅವಳ ಕೈಯಿಂದ ಕಾಗದ ಕಿತ್ತುಕೊಂಡರು. ಬೌದ್ಧ ವಿಹಾರದಲ್ಲಿ ದಹನಕ್ಕೆ ಮೊದಲು ತೀರಿಕೊಂಡವರ ಬದುಕಿನ ಕತೆಯನ್ನು ನೆರೆದವರ ಮುಂದೆ ಓದುವುದು ಅಲ್ಲಿನ ಪದ್ಧತಿ. ಇಂಗ್ಲಿಷ್ ಮೇಷ್ಟ್ರು ವಿಮೋನ್ ಅವರದನ್ನು ಬರೆದವರು ಥವೀ, ಓದಬೇಕಾದವಳು ಹಳೆಯ ವಿದ್ಯಾರ್ಥಿನಿ ಸಾಯ್‌ಜಾಯ್. ಮೂರನೇ ಸಾಲು ಹೀಗಿತ್ತು: ಇಂಗ್ಲಿಷ್ ಅವರ ನಾಲಿಗೆಯ ಮೇಲೆ ನಲಿದಾಡುತ್ತಿತ್ತು.

“ನಲಿದಾಡ್ತಿರ್ಲಿಲ್ಲ ಸಾರ್, ಎಡವ್ತಿತ್ತು. ನಾನು ಸ್ಟೇಷನ್ ಕತೆ ಹೇಳ್ತೀನಿ.”

“ಸತ್ತವರ ಮಾನ ತೆಗೀಬೇಡಮ್ಮ. ಶಿಕ್ಷಣಾಧಿಕಾರಿಗಳು ಬಂದು ಕೂತಿದಾರೆ.”

ಹಿಂದಿನ ಬೆಂಚಿನಲ್ಲಿ ಕೂತಿದ್ದ ಅವಳ ಸಹಪಾಠಿ, ಈಗ ಆಟೋ ಓಡಿಸುವ ಪ್ರಾಸಿತ್, ಮೇಷ್ಟ್ರ ಹಾಗೆಯೇ ಮೂರು ಸಲ ಕೆಮ್ಮಿ, ಇಲ್ಲದ ಕನ್ನಡಕವನ್ನು ಮೇಲೇರಿಸಿ ಹಾಜರಿ ಕರೆದ. ಬೆಂಚು ನಗು ನುಂಗಿಕೊಂಡಿತು. ಸಾಯ್‌ಜಾಯ್ ನಗಲಿಲ್ಲ. ಅವಳು ನೋಡುತ್ತಿದ್ದುದು ಮೇಷ್ಟ್ರ ಹೆಂಡತಿ ಉರೈ ಅವರನ್ನು. ಸ್ಟೇಷನ್ ಕತೆಯಿಂದ ಅವರಿಗೆ ನೋವಾದರೆ?

*

ಇಪ್ಪತ್ತು ವರ್ಷದ ಹಿಂದೆ ಒಂದು ಸೋಮವಾರ ಮೇಷ್ಟ್ರು ಪುಸ್ತಕವನ್ನೇ ತೆರೆಯಲಿಲ್ಲ. ಹಿಂದಿನ ದಿನ ಫತ್ತಲುಂಗ್ ರೈಲು ಸ್ಟೇಷನ್ನಿನಲ್ಲಿ ಬಿಳಿಯನೊಬ್ಬ ಅವರನ್ನು ದಾರಿ ಕೇಳಿದನಂತೆ. ಇವರು ಕಿವುಡರಂತೆ ಕೈಯಾಡಿಸಿ, ಒಂದೇ ಉಸಿರಿಗೆ ಮನೆಗೆ ಓಡಿದರಂತೆ. ಓಟವನ್ನೂ ನಟಿಸಿ ತೋರಿಸಿದರು.

“ನಂಗೆ ವ್ಯಾಕರಣ ಬರುತ್ತೆ, ಮಾತಾಡಕ್ಕೆ ಬರಲ್ಲ. ನಿಮ್ ಜೊತೆ ನಾನೂ ಕಲೀಬೇಕು.”

ಆಮೇಲೆ ಪ್ರತಿ ಶುಕ್ರವಾರ ತರಗತಿ ನಡೆದದ್ದು ಪ್ಲಾಟ್‌ಫಾರಮ್ಮಿನಲ್ಲಿ. ನಿಯಮ ಒಂದೇ: ಮೊದಲ ತಪ್ಪು ಮೇಷ್ಟ್ರದು. ಅವರು ಯಾರೋ ಪ್ರವಾಸಿಯೊಡನೆ ತಡವರಿಸಿ, ಬೆವರಿ ವಾಪಸಾದ ಮೇಲೆ ಮಕ್ಕಳ ಸರದಿ. ತರಗತಿಯಲ್ಲಿ ಬಾಯಿಯನ್ನೇ ಬಿಡದ ಸಾಯ್‌ಜಾಯ್ ಐದನೇ ಶುಕ್ರವಾರ ಒಬ್ಬ ವಿದೇಶಿ ಮುದುಕಿಗೆ ಬಸ್ಸು ಹತ್ತಿಸಿ ಬಂದಳು. ಈಗ ಅವಳು ಹೋಟೆಲೊಂದರ ಸ್ವಾಗತದ ಮೇಜಿನಲ್ಲಿ ದಿನವಿಡೀ ಇಂಗ್ಲಿಷಿನಲ್ಲೇ ಮಾತಾಡುತ್ತಾಳೆ.

*

ಸಾಯ್‌ಜಾಯ್ ಉರೈ ಅವರ ಪಕ್ಕ ಮಂಡಿಯೂರಿ, ಆ ಓಟದ ಕತೆ ಹೇಳಬಹುದೇ ಎಂದು ಕೇಳಿದಳು. ಉರೈ ಅವಳತ್ತ ಬಾಗಿದರು.

“ಅವತ್ತು ಮನೆಗೆ ಬಂದೋರೇ ರಾಜೀನಾಮೆ ಬರೆದಿಟ್ಟಿದ್ರು ಕಣಮ್ಮ. ಮಾರನೇ ದಿನ ನಿಮ್ಮೆದುರು ಎಲ್ಲಾ ಹೇಳ್ಕೊಂಡು ಬಂದು ಹರಿದುಹಾಕಿದ್ರು. ಅದನ್ನೂ ಸೇರಿಸಿ ಹೇಳು.”

ಸಾಯ್‌ಜಾಯ್ ನೆರೆದವರ ಮುಂದೆ ನಿಂತು ಕಾಗದವಿಲ್ಲದೆ ಎಲ್ಲವನ್ನೂ ಹೇಳಿದಳು. ಥವೀ ನೆಲ ನೋಡುತ್ತ ಕೂತಿದ್ದರು.

ಬಳಿಕ ಜನ ಚಿತೆಗೆ ಇಡುವ, ಗಂಧದ ಚಕ್ಕೆಯಿಂದ ಮಾಡಿದ ಹೂ ಹಿಡಿದು ಚಿತಾಗಾರದ ಮೆಟ್ಟಿಲೇರತೊಡಗಿದರು. ಸದ್ದಿಲ್ಲದೆ ಹೂವಿಟ್ಟು ಇಳಿಯುವುದು ವಾಡಿಕೆ. ಆದರೆ ಪ್ರಾಸಿತ್ ಶವಪೆಟ್ಟಿಗೆಯ ಬಳಿ ನಿಂತು ಮುರುಕು ಇಂಗ್ಲಿಷಿನಲ್ಲಿ, ಗಟ್ಟಿಯಾಗಿ, ಮೇಷ್ಟ್ರಿಗೆ ವಿದಾಯ ಹೇಳಿದ. ಅವನ ಹಿಂದಿದ್ದವಳೂ ಇಂಗ್ಲಿಷಿನಲ್ಲೇ ಹೇಳಿದಳು, ಅವಳ ಹಿಂದಿನವನೂ. ಸಾಲು ಮುಂದೆ ಸಾಗದಾಯಿತು; ಭಿಕ್ಷುಗಳು ಕಾದರು.

ಕೊನೆಗೆ ಥವೀ ಬಂದು ಹೂವಿಟ್ಟರು. ಬಾಯಿ ತೆರೆದರು, ಮುಚ್ಚಿದರು. ಕೆಳಗೆ ಕೂತಿದ್ದ ಅಧಿಕಾರಿಗಳತ್ತ ಒಮ್ಮೆ ನೋಡಿ, ಹಣೆಯ ಬೆವರು ಒರೆಸಿಕೊಂಡು, ಮತ್ತೆ ತೆರೆದು ಇಂಗ್ಲಿಷಿನಲ್ಲಿ ತಡವರಿಸತೊಡಗಿದರು.